ಬಾನೆಟ್ಟಿಗೆ ಕಿಂಡಿ ಕೊರೆಸಿದ ಮೇಲೆ ಬಂದ ಆರಿದ್ರಾ ಮಳೆ

ಜೂನ್ 22, 2025, ಭಾನುವಾರ
ಹೊಸನಗರ

ಇವತ್ತು ಆರಿದ್ರಾ ಮಳೆ ಹುಟ್ಟಿತು. ನಿನ್ನೆ ರಾತ್ರಿಯಿಂದಲೇ ಬಿಟ್ಟೂಬಿಡದೆ ಹೊಯ್ಯುತ್ತಿದೆ. ಊರಿನವರಿಗೆಲ್ಲ ಗದ್ದೆ, ತೋಟದ ಯೋಚನೆ. ನನಗೆ ಅದರ ಜೊತೆಗೆ ನನ್ನ ಮಹೀಂದ್ರಾ ಥಾರ್ ಜೀಪಿನ ಬಾನೆಟ್ಟಿನ ಯೋಚನೆಯೂ ಇತ್ತು. ಬೇಸಿಗೆಯಲ್ಲಿ ಅದಕ್ಕೆ ಎರಡು ಕಿಂಡಿ ಕೊರೆಸಿ ಲೂವರ್, ಅಂದರೆ ಓರೆ ರೆಪ್ಪೆಗಳ ಮುಚ್ಚಳ, ಕೂರಿಸಿದ್ದೆ. ಬಿಸಿ ಗಾಳಿ ಅದರಲ್ಲಿ ಚೆನ್ನಾಗಿ ಹೊರಗೆ ಹೋಗುತ್ತೆ ಅನ್ನೋದು ಆಗಲೇ ಗೊತ್ತಾಗಿತ್ತು. ಆದರೆ ಮಲೆನಾಡಿನಲ್ಲಿ ಬಾನೆಟ್ ತೂತು ಮಾಡುವವರು ಬಿಸಿಗಿಂತ ನೀರಿನ ಲೆಕ್ಕವನ್ನೇ ಮೊದಲು ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ. ಆ ಲೆಕ್ಕದ ಪರೀಕ್ಷೆ ಇವತ್ತು ನಡೆಯಿತು.

ಗಾಡಿ ಹಳೇ ಥಾರ್, 2.5 ಲೀಟರ್ ಸಿಆರ್‌ಡಿಇ (ಕಾಮನ್ ರೇಲ್) ಡೀಸೆಲ್. ತೋಟದಿಂದ ಮೇಲಿನ ರಸ್ತೆಗೆ ಬರುವ ಏರು ಕಡಿದು. ಹಿಂದೆ ಅಡಿಕೆ ಗೊನೆ ತುಂಬಿಕೊಂಡರೆ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರು) ಹಾಕಿ ಒಂದನೇ ಗೇರಿನಲ್ಲೇ ಹತ್ತಬೇಕು. ಎಂಜಿನ್ 2,500 ಸುತ್ತು ತಿರುಗುತ್ತಿದ್ದರೂ ಗಾಡಿ ಓಡುವುದು ಗಂಟೆಗೆ ಎಂಟೊಂಬತ್ತು ಕಿಲೋಮೀಟರ್ ವೇಗದಲ್ಲಿ. ಹೈವೇಯಲ್ಲಾದರೆ ಎದುರು ಗಾಳಿ ತಾನೇ ರೇಡಿಯೇಟರ್‌ಗೆ ನುಗ್ಗುತ್ತದೆ. ಇಲ್ಲಿ ಫ್ಯಾನ್ ಎಳೆದಷ್ಟೇ ಗಾಳಿ. ಆ ಗಾಳಿಯೂ ರೇಡಿಯೇಟರ್ ದಾಟುವಾಗಲೇ ಕಾದು, ಎಂಜಿನ್ನಿಗೂ ಟರ್ಬೋಗೂ ಸುತ್ತಿ, ಹಿಂದಿನ ತಗಡಿಗೆ ಬಡಿದು, ಕೆಳಗಿನಿಂದ ದಾರಿ ಹುಡುಕಿಕೊಂಡು ಹೋಗಬೇಕು. ಬಿಸಿ ಗಾಳಿ ಮೇಲಕ್ಕೆ ಹೋಗುವಂಥದ್ದು. ಅದನ್ನು ಕೆಳಗೆ ತಳ್ಳುವುದು ಸುಲಭವಲ್ಲ. ಏರು ಹತ್ತಿ ನಿಂತು ಎಂಜಿನ್ ಆಫ್ ಮಾಡಿದ ಮೇಲಂತೂ ಫ್ಯಾನೂ ಇಲ್ಲ, ನೀರಿನ ಓಟವೂ ಇಲ್ಲ. ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತದೆ. ಬ್ಯಾಟರಿ, ವೈರು, ರಬ್ಬರ್ ಹೋಸುಗಳು ಬೇಗ ಹಾಳಾಗುವುದು ಇಂಥ ಬಿಸಿಗೇ.

ಹಾಗಂತ ಬಿಸಿ ತೋರಿಸುವ ಗೇಜ್ ಮುಳ್ಳು ಮೇಲೆ ಹೋದ ಕೂಡಲೇ ಬಾನೆಟ್ ಕೊರೆಯಲು ಓಡಬೇಡಿ. ಮೊದಲು ರೇಡಿಯೇಟರ್ ರೆಕ್ಕೆಗಳ ನಡುವೆ ಕೆಸರು, ಹುಲ್ಲಿನ ಬೀಜ ಕೂತಿದೆಯಾ ನೋಡಿ. ಫ್ಯಾನ್ ಸುತ್ತಲಿನ ಶ್ರೌಡ್ (ಗಾಳಿ ಪಕ್ಕಕ್ಕೆ ಸೋರದಂತೆ ತಡೆಯುವ ಕವಚ) ಇದೆಯಾ, ಬೆಲ್ಟ್ ಬಿಗಿ ಇದೆಯಾ, ಥರ್ಮೋಸ್ಟಾಟ್ ತೆರೆಯುತ್ತಾ, ರೇಡಿಯೇಟರ್ ಮುಚ್ಚಳದ ರಬ್ಬರ್ ಸರಿ ಇದೆಯಾ ನೋಡಿ. ಮುಂದೆ ದೊಡ್ಡ ಬಂಪರ್, ವಿಂಚ್, ಮೇಲೆ ನಾಲ್ಕು ಲೈಟು ಕಟ್ಟಿಕೊಂಡು ಗಾಳಿ ಬರುವ ದಾರಿಯನ್ನೇ ಮುಚ್ಚಿದವರು ಎಷ್ಟೋ ಜನ ಇದ್ದಾರೆ. ಗಾಳಿ ಒಳಗೇ ಬರದಿದ್ದರೆ ಹೊರಗೆ ಹೋಗಲು ಕಿಂಡಿ ಕೊಟ್ಟು ಏನು ಪ್ರಯೋಜನ? ಇದೆಲ್ಲ ಸರಿ ಮಾಡಿಸಿದ ಮೇಲೂ ನನ್ನ ಗಾಡಿ ಏರಿನಲ್ಲಿ ಬಿಸಿಯಾಗುತ್ತಿತ್ತು. ಹಾಗಾಗಿ ಕೊರೆಸಿದೆ.

ಎಲ್ಲಿ ಕೊರೆಯಬೇಕು ಅನ್ನೋದೇ ಇದರಲ್ಲಿ ಮುಖ್ಯ. ಹಿಂಬದಿ ಹಿಂಜಿಗೆ ವಾಷರ್ ಕೊಟ್ಟು ಬಾನೆಟ್ಟನ್ನು ಅರ್ಧ ಇಂಚು ಎತ್ತಿಸುವವರಿದ್ದಾರೆ. ಕಡಿಮೆ ಖರ್ಚು, ತೂತು ಬೇಕಿಲ್ಲ. ನಿಂತ ಗಾಡಿಗೆ ಅದು ಕೆಲಸ ಮಾಡುತ್ತೆ, ನಿಜ. ಆದರೆ ಗಾಡಿ ಓಡುವಾಗ ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒತ್ತಿಕೊಂಡು ನಿಲ್ಲುತ್ತದೆ. ಕಾರುಗಳಲ್ಲಿ ಒಳಗೆ ಕೂತವರಿಗೆ ಗಾಳಿ ತೆಗೆದುಕೊಳ್ಳುವ ಜಾಲರಿಯನ್ನು ಅಲ್ಲೇ ಇಟ್ಟಿರುವುದು ಅದಕ್ಕೇ. ಅಲ್ಲಿ ಸಂದು ಮಾಡಿದರೆ ಬಿಸಿ ಗಾಳಿ ಹೊರಗೆ ಬರುವ ಬದಲು ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮಳೆಗಾಲದಲ್ಲಿ ಅದರ ಜೊತೆ ಗಾಜಿನಿಂದ ಇಳಿದ ನೀರೂ ಹೋಗುತ್ತದೆ. ಕಿಂಡಿ ಇರಬೇಕಾದದ್ದು ಮುಂದೆ, ರೇಡಿಯೇಟರ್ ಮತ್ತು ಫ್ಯಾನ್ ದಾಟಿದ ಜಾಗದ ಮೇಲೆ.

ಕತ್ತರಿಸುವ ಮೊದಲು ಇದನ್ನು ಅಳೆದು ನೋಡಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ತೆಳು ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ ಸೀಟಿನ ಪಕ್ಕ ಇಟ್ಟುಕೊಂಡೆ. ಒಂದು ತುದಿ ಬಾನೆಟ್ ಒಳಗೆ, ಇನ್ನೊಂದು ತುದಿ ಬಾನೆಟ್ ಮೇಲೆ ಟೇಪಿನಲ್ಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಗಾಳಿಯ ಪೂರ್ತಿ ಒತ್ತಡ ಸುಮಾರು 17 ಮಿಲಿಮೀಟರ್ ನೀರಿನಷ್ಟು. ಅಂದರೆ ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬಂದರೂ ಕಣ್ಣಿಗೆ ಕಾಣುತ್ತದೆ. ಮುಂದಿನ ಅರ್ಧದಲ್ಲಿ ಇಟ್ಟಾಗ ನೀರು ಹೊರಗಿನ ಕಡೆಗೆ ಎಳೆಯಿತು. ಗಾಜಿನ ಹತ್ತಿರ ಇಟ್ಟಾಗ ವಾಪಸ್ ತಳ್ಳಿತು. ಭಾವ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದರು. "ಗಾಡಿಗೆ ಬೀಪಿ ನೋಡಿದ ಹಾಗಾಯ್ತಲ್ಲೋ ಮಾರಾಯ" ಅಂದರು.

ಕೊರೆದದ್ದು ಗುಜರಿಯಲ್ಲಿ ಸಿಕ್ಕ ಇನ್ನೊಂದು ಬಾನೆಟ್ಟನ್ನು. ಕಂಪನಿಯ ಬಾನೆಟ್ ಅಟ್ಟದ ಮೇಲೆ ಭದ್ರವಾಗಿದೆ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಏನೇ ಕೊರೆಸುವ ಮೊದಲು ಆರ್‌ಟಿಓದಲ್ಲಿ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು. ಟಿಂಕರಿಂಗ್ ಮೇಸ್ತ್ರಿ ಬಾನೆಟ್ಟಿನ ಒಳಗಿನ ಪಟ್ಟಿಗಳನ್ನು ಮುಟ್ಟದೆ, ಅವುಗಳ ನಡುವಿನ ತಗಡನ್ನಷ್ಟೇ ಕತ್ತರಿಸಿದರು. "ಪಟ್ಟಿ ಕತ್ತರಿಸಿದ್ರೆ ಬಾನೆಟ್ ಹಪ್ಪಳ ಆಗುತ್ತೆ ಗೌಡ್ರೇ, ಗಡಗಡ ಅನ್ನುತ್ತೆ" ಅಂದರು. ಕತ್ತರಿಸಿದ ಅಂಚಿಗೆ ಅರ ಹಾಕಿ, ಪ್ರೈಮರ್ ಎರಡು ಕೋಟ್ ಬಳಿದು, ಒಣಗಿದ ಮೇಲೇ ಪೇಂಟ್. ಈ ಅಂಚನ್ನು ಅಸಡ್ಡೆ ಮಾಡಿದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಲೂವರಿನ ಬಾಯಿ ಗಾಜಿನ ಕಡೆಗಿದೆ.

ಈಗ ನೀರಿನ ವಿಷಯ.

ಒಂದೊಂದು ಕಿಂಡಿ 30 ಸೆಂಟಿಮೀಟರ್ ಉದ್ದ, 15 ಅಗಲ. ಎರಡೂ ಸೇರಿ 0.09 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ ಅಷ್ಟು ಜಾಗಕ್ಕೆ ನಾಲ್ಕೂವರೆ ಲೀಟರ್ ನೀರು. ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿ ಈ ಬಾನೆಟ್ಟನ್ನು ಬಯಲಲ್ಲಿ ಇಟ್ಟರೆ ವರ್ಷಕ್ಕೆ 630 ಲೀಟರ್ ದಾಟುತ್ತದೆ. ಲೂವರಿನ ರೆಪ್ಪೆ ಬಹಳಷ್ಟನ್ನು ಆಚೆ ಹಾಕುತ್ತದೆ, ಎಲ್ಲವನ್ನೂ ಅಲ್ಲ. ಗಾಳಿ ಬಿಟ್ಟು ನೀರನ್ನು ಪೂರ್ತಿ ತಡೆಯುವ ಕಿಂಡಿ ಇಲ್ಲ. ಹಾಗಾದರೆ ಒಳಗೆ ಬಂದ ನೀರಿಗೆ ನಾವೇ ದಾರಿ ಮಾಡಿಕೊಡಬೇಕು.

ಪ್ರತಿ ಕಿಂಡಿಯ ಕೆಳಗೆ ಎರಡು ಇಂಚು ಬಿಟ್ಟು ಅಲ್ಯೂಮಿನಿಯಂ ತಗಡಿನ ಟ್ರೇ ನೇತು ಹಾಕಿಸಿದ್ದೇನೆ. ಕಿಂಡಿಗಿಂತ ಸುತ್ತಲೂ ಒಂದಿಂಚು ದೊಡ್ಡದು, ಅಂಚು ಮಡಚಿದ್ದು. ಬಿಸಿ ಗಾಳಿ ಟ್ರೇಯ ಬದಿಯಿಂದ ಸುತ್ತಿ ಮೇಲೆ ಹೋಗುತ್ತದೆ, ಮಳೆಹನಿ ನೇರ ಟ್ರೇಗೆ ಬೀಳುತ್ತದೆ. ಸೂರಿನ ನೀರಿಗೆ ಅಡಿಕೆ ದಂಬೆ ಕಟ್ಟುತ್ತೇವಲ್ಲ, ಅದೇ ಕೆಲಸ. ಟ್ರೇ ಮೂಲೆಯಿಂದ ಅರ್ಧ ಇಂಚಿನ ಹೋಸ್ ಇಳಿದು, ಆಲ್ಟರ್ನೇಟರ್‌ಗೆ ದೂರವಾಗಿ, ಮುಂದಿನ ಚಕ್ರದ ಹಿಂದೆ ಕೆಳಗೆ ಬಿಡುತ್ತದೆ. ಕಿಂಡಿಗೆ ಸ್ಟೀಲ್ ಜಾಲರಿ ಬೇಕೇ ಬೇಕು. ನಮ್ಮಲ್ಲಿ ಮರದಡಿ ಗಾಡಿ ನಿಲ್ಲಿಸಿದರೆ ಎಲೆ, ಹೂವು ಉದುರುತ್ತಲೇ ಇರುತ್ತವೆ. ಹೋಸ್ ಕಟ್ಟಿಕೊಳ್ಳುವುದು ಒಂದು ತೊಂದರೆ. ಒಣ ಎಲೆ ಎಗ್ಸಾಸ್ಟ್ ಮೇಲೆ ಕೂತರೆ ಬೆಂಕಿಯ ಭಯ, ಅದು ಇನ್ನೂ ದೊಡ್ಡದು.

ನಿನ್ನೆ ರಾತ್ರಿ ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ, ಎಂಜಿನ್ ತಣ್ಣಗಾದ ಮೇಲೆ ಒಳಗೆಲ್ಲ ಹಳೇ ಪೇಪರ್ ಹಾಸಿದೆ. ಎಂಜಿನ್ ಕವರ್ ಮೇಲೆ, ಫ್ಯೂಸ್ ಬಾಕ್ಸ್ ಮೇಲೆ, ಬ್ಯಾಟರಿ ಮೇಲೆ, ಆಲ್ಟರ್ನೇಟರ್ ಮೇಲೆ. ಹಾರದಂತೆ ಟೇಪ್. ಸ್ಟಾರ್ಟ್ ಮಾಡುವ ಮೊದಲು ಇವನ್ನೆಲ್ಲ ತೆಗೆಯಲೇಬೇಕು, ಅದಕ್ಕೆ ಸ್ಟಿಯರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿದ್ದೆ.

ಬೆಳಿಗ್ಗೆ ಬಾನೆಟ್ ಎತ್ತಿದರೆ ಫ್ಯೂಸ್ ಬಾಕ್ಸಿನ ಪೇಪರ್ ಗರಿಗರಿ ಇತ್ತು. ಆಲ್ಟರ್ನೇಟರಿನದ್ದೂ ಅಷ್ಟೇ. ಎಂಜಿನ್ ಕವರಿನ ಹಿಂಬದಿಯಲ್ಲಿ ಅಂಗೈಯಷ್ಟು ಜಾಗ ನೆನೆದು ಅಕ್ಷರ ಕದಡಿತ್ತು. ಎಡಗಡೆ ಟ್ರೇಯ ಹಿಂದಿನ ಅಂಚಿನಲ್ಲಿ ನೀರು ತುಂಬಿ ನಿಂತಿತ್ತು, ಬೆರಳಿಟ್ಟ ಕೂಡಲೇ ಹರಿಯಿತು. ಕಾರಣ ಸರಳ. ನಮ್ಮ ಅಂಗಳ ಇಳಿಜಾರು, ಗಾಡಿ ಮೂತಿ ಮೇಲೆ ಮಾಡಿ ನಿಂತಿತ್ತು. ಹೋಸ್ ಇರುವುದು ಟ್ರೇಯ ಮುಂದಿನ ಮೂಲೆಗೆ. ಶಿವಮೊಗ್ಗದ ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಇಲ್ಲಿ ಗಾಡಿ ಸಮ ನಿಲ್ಲುವ ಜಾಗವೇ ಅಪರೂಪ, ಅಲ್ವಾ? ಟ್ರೇಗೆ ಹಿಂದೆಯೂ ಒಂದು ತೂತು ಬೇಕು. ಎರಡನ್ನೂ ಟಿ ಜಾಯಿಂಟ್‌ನಲ್ಲಿ ಒಂದೇ ಹೋಸಿಗೆ ಸೇರಿಸಿದರಾಯಿತು.

ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಇನ್ನೊಂದು ಒದ್ದೆ. ಹಿಂದಿನ ತಗಡಿನ ಉದ್ದಕ್ಕೂ ನೀರಿನ ಗೆರೆ ಇತ್ತು. ಟಾರ್ಚ್ ಹಿಡಿದು ನೋಡಿದೆ. ಅದು ಕಿಂಡಿಯಿಂದ ಬಂದದ್ದಲ್ಲ. ಬಾನೆಟ್ ಮತ್ತು ಗಾಜಿನ ನಡುವಿನ ಸಂದಿನಿಂದ ಇಳಿದದ್ದು. ಆ ಸಂದು ಕಂಪನಿಯದ್ದೇ, ಮೊದಲಿಂದ ಇದ್ದದ್ದು. ಅಂದರೆ ಕಿಂಡಿ ಇಲ್ಲದ ಗಾಡಿಯ ಎಂಜಿನ್ನೂ ಮಳೆಯಲ್ಲಿ ಒಣಗಿ ಕೂತಿರುವುದಿಲ್ಲ. ವೈರುಗಳನ್ನು ಸೇರಿಸುವ ಕನೆಕ್ಟರುಗಳಿಗೆ ರಬ್ಬರ್ ಸೀಲ್ ಕೊಟ್ಟಿರುವುದು ಅದಕ್ಕೇ. ಹನಿ ನೀರಿಗೆ ಹೆದರಬೇಕಿಲ್ಲ. ಒಂದೇ ಜಾಗಕ್ಕೆ ಗಂಟೆಗಟ್ಟಲೆ ಬೀಳುವ ಧಾರೆ, ನಿಂತ ನೀರು, ಕೆಸರು ನೀರು, ಇವು ಮೂರನ್ನು ದೂರ ಇಟ್ಟರೆ ಸಾಕು.

ಸೀಲ್ ಒಡೆದ ಕನೆಕ್ಟರ್ ಇದ್ದರೆ ಮಾತ್ರ ಬದಲಾಯಿಸಬೇಕು. ಉಳಿದವಕ್ಕೆ ರಬ್ಬರಿನ ಸುತ್ತ ತೆಳುವಾಗಿ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯದ) ಗ್ರೀಸ್. ವೈರು ಮೇಲಿಂದ ನೇರ ಕನೆಕ್ಟರಿಗೆ ಇಳಿಯಬಾರದು. ಸ್ವಲ್ಪ ಕೆಳಗೆ ಬಾಗಿ, ಮತ್ತೆ ಮೇಲೇರಿ ಸೇರಬೇಕು. ಆಗ ವೈರಿನ ಮೇಲೆ ಓಡಿ ಬಂದ ಹನಿ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಏರ್ ಫಿಲ್ಟರ್ ಡಬ್ಬಿಯ ತಳದ, ನೀರು ಇಳಿಯುವ ಸಣ್ಣ ತೂತನ್ನು ಎಂದೂ ಮುಚ್ಚಬೇಡಿ. ಫಿಲ್ಟರಿನ ಬಾಯಿ ಕಿಂಡಿಯ ನೇರಕ್ಕೆ ಇರಲೇಬಾರದು.

ಮಧ್ಯಾಹ್ನ ಅದೇ ಮಳೆಯಲ್ಲಿ ಪಕ್ಕದ ನಗರ ಎಂಬ ಊರಿನ ತನಕ ಹೋಗಿ ಬಂದೆ. ಓಡುವಾಗ ಟ್ರೇಗೆ ನೀರು ಬೀಳುವುದೇ ಕಡಿಮೆ, ಹೊರಗೆ ಬರುವ ಗಾಳಿಯೇ ಹನಿಗಳನ್ನು ತಳ್ಳುತ್ತದೆ. ನಿಲ್ಲಿಸಿದಾಗ ಕಿಂಡಿಯಿಂದ ಬಿಳಿ ಹಬೆ ಏಳುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಕೊಡೆ ಹಿಡಿದು ಓಡಿ ಬಂದು "ಗಾಡಿ ಸುಡ್ತಾ ಇದೆ ಮಾರಾಯ್ರೆ" ಅಂದರು. ಅವರ ಕಾಳಜಿ ದೊಡ್ಡದು. ಬಿಸಿ ತಗಡಿನ ಮೇಲಿನ ಮಳೆನೀರಿನ ಹಬೆಗೆ ವಾಸನೆ ಇರುವುದಿಲ್ಲ, ಬೇಗ ನಿಲ್ಲುತ್ತದೆ. ರೇಡಿಯೇಟರಿನ ಕೂಲಂಟ್ ಸೋರಿ ಬಂದ ಹಬೆಗೆ ಸಿಹಿ ವಾಸನೆ ಇರುತ್ತದೆ, ನಿಲ್ಲುವುದಿಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಗಾಬರಿ ಇಲ್ಲ.

ಬಾನೆಟ್ ಕಿಂಡಿ ಬೇರೆ, ಹಳ್ಳ ದಾಟುವುದು ಬೇರೆ. ಎರಡನ್ನೂ ಕಲಸಿ ಕೇಳುವವರು ಬಹಳ. ಹಳ್ಳದಲ್ಲಿ ಎಂಜಿನ್ ಕೊಲ್ಲುವುದು ಏರ್ ಫಿಲ್ಟರ್ ಬಾಯಿಯಿಂದ ಹೋದ ನೀರು. ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಕನೆಕ್ಟಿಂಗ್ ರಾಡೇ ಬಾಗುತ್ತದೆ. ಇನ್ನೊಂದು ಆಕ್ಸಲ್‌ಗಳ ಬ್ರೀದರ್, ಅಂದರೆ ಒಳಗಿನ ಗಾಳಿ ಆಡುವ ಸಣ್ಣ ತೂತು. ಓಡಿ ಕಾದ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರು ಡಬ್ಬಿ) ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರಿಗೆ ಹೋಸ್ ಸಿಕ್ಕಿಸಿ ಮೇಲಕ್ಕೆ ಕಟ್ಟಿಬಿಡಿ. ಆಮೇಲೆ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ. 2020ರ ಹೊಸ ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿಲಿಮೀಟರ್. ಅದು ನಿಂತ ನೀರಿನ ಮಾತು. ಆರಿದ್ರಾದಲ್ಲಿ ಕೆಂಪಾಗಿ ಹರಿಯುವ ಹಳ್ಳಕ್ಕೆ ಆ ಲೆಕ್ಕ ಹಾಕಿಕೊಂಡು ಇಳಿಯಬೇಡಿ, ದಯವಿಟ್ಟು.

ಸಂಜೆ ಭಾವನ ಫೋನು. ಅವರ ಹಳೇ ಮಹೀಂದ್ರಾ ಜೀಪು ಎಂಎಂ 540ಗೂ ಕಿಂಡಿ ಬೇಕಂತೆ. ಅದರದ್ದು ಹಳೇ ಪಿಯುಜೊ ಡೀಸೆಲ್, ಕಂಪ್ಯೂಟರ್ ಇಲ್ಲ, ಸೆನ್ಸರುಗಳ ಗೋಜಿಲ್ಲ. ನೀರಿನ ಚಿಂತೆ ನನ್ನದರಷ್ಟು ಇಲ್ಲ. ಆದರೆ ಅವರ ರೇಡಿಯೇಟರ್ ಮುಂದೆ ಹೋದ ವರ್ಷದ ಕೆಸರು ಹಾಗೇ ಇದೆ, ನಾನೇ ನೋಡಿದ್ದೇನೆ. "ಮೊದಲು ಅದನ್ನು ಬಿಚ್ಚಿ ತೊಳೆಸಿ ಭಾವ, ಶ್ರೌಡ್ ಹಾಕಿಸಿ. ಆಮೇಲೂ ಕಾದರೆ ಟ್ರೇಯ ಅಳತೆ ಕೊಡ್ತೀನಿ" ಅಂದೆ. ಒಪ್ಪಿದರು. ಬುಧವಾರ ಮೇಸ್ತ್ರಿ ಅಂಗಡಿಗೆ ನನ್ನ ಟ್ರೇ, ಅವರ ರೇಡಿಯೇಟರ್ ಎರಡೂ ಒಟ್ಟಿಗೆ ಹೋಗುತ್ತವೆ.