ಒಬ್ಬರೇ ಹೋದರೆ ಬೇಗ ಮುಟ್ಟಬಹುದಲ್ಲ, ಗುಂಪು ಯಾಕೆ?

ಸೈಕಲ್ ಮೇಲೆ ಹುಬ್ಬಳ್ಳಿ ಬಿಟ್ಟು, ಕುಂದಗೋಳ, ಲಕ್ಷ್ಮೇಶ್ವರ, ಶಿರಹಟ್ಟಿ ದಾಟಿ, ಕಪ್ಪತಗುಡ್ಡದ ಸೆರಗಲ್ಲಿ ಸುತ್ತಾಡಿ, ಡಂಬಳ, ಗದಗ, ಅಣ್ಣಿಗೇರಿ ಮೇಲೆ ವಾಪಸ್ ಬರುತ್ತೇವೆ ಅಂದರೆ ಮೊದಲೆಲ್ಲ ಜನ ‘ಯಾಕ್ರೀ, ಬೈಕ್ ಇಲ್ಲೇನು?’ ಅಂತ ಕೇಳುತ್ತಿದ್ದರು. ಈಗ ಊರಲ್ಲಿ ಸೈಕಲ್ ತುಳಿಯುವವರು ಜಾಸ್ತಿಯಾಗಿದ್ದಾರೆ. ಆ ಪ್ರಶ್ನೆ ಹೋಯಿತು, ಇನ್ನೊಂದು ಬಂತು. ‘ಅಷ್ಟು ಮಂದಿ ಕೂಡಿ ಯಾಕ ಹೋಗ್ತೀರಿ? ಒಬ್ಬರದು ಪಂಕ್ಚರ್ ಆದ್ರ ಎಲ್ಲಾರೂ ನಿಲ್ಲಬೇಕು. ಒಬ್ಬರಿಗೆ ಚಹಾ ಬೇಕಂದ್ರ ಎಲ್ಲಾರೂ ಇಳೀಬೇಕು. ನಮ್ಮದೇನು ಘಟ್ಟಾನ? ಸಪಾಟ ಬಯಲು. ಒಬ್ಬರ ಹೋದ್ರ ಲಗೂ ಮುಟ್ಟಬಹುದಲ್ಲ?’

ಇಲ್ಲ. ನಮ್ಮ ಬಯಲಿನಲ್ಲಿ ಒಬ್ಬರೇ ಹೋದರೆ ತಡವಾಗುತ್ತದೆ. ಅದಕ್ಕೆ ಮೊದಲ ಕಾರಣ ಗಾಳಿ.

ಘಟ್ಟದ ಏರು ಕಣ್ಣಿಗೆ ಕಾಣುತ್ತದೆ, ಒಂದು ಕಡೆ ಮುಗಿಯುತ್ತದೆ, ಆಮೇಲೆ ಇಳಿಜಾರೂ ಸಿಗುತ್ತದೆ. ಬಯಲಿನ ಎದುರು ಗಾಳಿಗೆ ಇಳಿಜಾರಿಲ್ಲ. ಗದಗದ ಸುತ್ತ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಡುವಣ ಗಾಳಿ ಬೀಸತೊಡಗಿದರೆ ಗದಗದಿಂದ ಹುಬ್ಬಳ್ಳಿ ಕಡೆ ಬರುವವರ ಎದೆಗೇ ಹೊಡೆಯುತ್ತದೆ. ದೀಪಾವಳಿ ಕಳೆದ ಮೇಲೆ ಗಾಳಿ ತಿರುಗುತ್ತದೆ. ಆಗ ಮೂಡಣದ ಕಡೆಯಿಂದ ಬರುತ್ತದೆ, ಅಂದರೆ ಲಕ್ಷ್ಮೇಶ್ವರಕ್ಕೆ ಹೋಗುವಾಗ ಎದುರು. ನಡುವೆ ತಡೆಯೋಕೆ ಕಾಡಿಲ್ಲ, ತೋಟವಿಲ್ಲ. ಎರೆ ಹೊಲ ಕಣ್ಣು ಹಾಯುವವರೆಗೂ ಇದೆ, ಅಷ್ಟೇ.

ಲೆಕ್ಕ ನೋಡಿ. ಗಾಳಿ ಇಲ್ಲದ ಬೆಳಿಗ್ಗೆ ಗಂಟೆಗೆ 20 ಕಿ.ಮೀ. ಹೋಗುತ್ತೀರಿ ಅಂದುಕೊಳ್ಳಿ. ಎದುರಿನಿಂದ ಗಾಳಿಯೂ 20ರ ವೇಗದಲ್ಲಿ ಬಂದರೆ ಮೈಗೆ ಬಡಿಯುವುದು 40ರ ಗಾಳಿ. ಗಾಳಿಯ ವೇಗ ಎರಡರಷ್ಟಾದರೆ ಅದು ಒಡ್ಡುವ ತಡೆ ಎರಡರಷ್ಟಲ್ಲ, ನಾಲ್ಕರಷ್ಟು. ಅದೇ ವೇಗ ಉಳಿಸಿಕೊಳ್ಳುತ್ತೇನೆ ಅಂತ ಹಟ ಹಿಡಿದವರು ಅರ್ಧ ಗಂಟೆಯಲ್ಲಿ ಸೋತು ಬೇವಿನ ಮರ ಹುಡುಕುತ್ತಾರೆ. ಆದರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋದರೆ ಗಾಳಿ ಸೀಳುವ ಕೆಲಸ ಮುಂದಿನವರದು. ಹಿಂದಿನವರ ಶ್ರಮದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಉಳಿಯುತ್ತದೆ. ಕೆಲವು ನಿಮಿಷ ಮುಂದಿದ್ದವರು ಒಮ್ಮೆ ಹಿಂದೆ ನೋಡಿ, ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಬರುತ್ತಾರೆ. ಎರಡನೆಯವರು ಮುಂದಾಗುತ್ತಾರೆ. ಹೀಗೆ ಪಾಳಿ ಹಚ್ಚಿಕೊಂಡು ಹೋದರೆ ಒಬ್ಬರಿಗೆ ಗಂಟೆಗೆ 12 ಕಿ.ಮೀ. ಆಗುವ ಕಡೆ ಎಲ್ಲರೂ ಅದಕ್ಕಿಂತ ಬೇಗ ಸಾಗಬಹುದು. ಅದೂ ಮಾತಾಡುವಷ್ಟು ಉಸಿರು ಉಳಿಸಿಕೊಂಡು!

ಗಾಳಿ ಅಡ್ಡ ಬೀಸಿದರೆ ಸಾಲನ್ನು ಸ್ವಲ್ಪ ಓರೆ ಮಾಡಬೇಕು. ಮುಂದಿನವರ ಹಿಂದೆ ನೆಟ್ಟಗೆ ನಿಂತರೆ ಮರೆ ಸಿಗುವುದಿಲ್ಲ, ಗಾಳಿ ಬಾರದ ಬದಿಗೆ ಅರ್ಧ ಸೈಕಲ್ ಸರಿದರೆ ಸಿಗುತ್ತದೆ. ನಮ್ಮ ಹಳ್ಳಿ ರಸ್ತೆ ಅಗಲವಿಲ್ಲ. ಮೂರು ನಾಲ್ಕು ಜನಕ್ಕಿಂತ ಜಾಸ್ತಿ ಓರೆ ಸಾಲಿಗೆ ಜಾಗ ಆಗೋದಿಲ್ಲ. ಅದಕ್ಕೇ ದೊಡ್ಡ ಗುಂಪಾದರೆ ಚಿಕ್ಕ ಚಿಕ್ಕ ತಂಡ ಮಾಡಿ ನಡುವೆ ಅಂತರ ಬಿಡುತ್ತೇವೆ. ಹಿಂದೆ ಬರುವ ಟ್ರ್ಯಾಕ್ಟರ್ ಒಂದು ತಂಡ ದಾಟಿ ಒಳಗೆ ಸೇರಿಕೊಳ್ಳೋಕೂ ಆ ಜಾಗ ಬೇಕು.

ಹೊಸಬರು ಮುಂದಿನವರ ಗಾಲಿಗೆ ತೀರಾ ಹತ್ತಿರ ಹೋಗಬಾರದು. ಒಂದು ಸೈಕಲ್ ಉದ್ದ ಬಿಟ್ಟರೂ ಎಷ್ಟೋ ಅನುಕೂಲವಿದೆ. ಗಾಲಿಗೆ ಗಾಲಿ ತಗುಲಿದರೆ ಬೀಳುವುದು ಯಾವಾಗಲೂ ಹಿಂದಿನವರು. ಮುಂದಿದ್ದವರ ಬಾಯಿಗೆ ಕೆಲಸ ಜಾಸ್ತಿ. ‘ತಗ್ಗು!’, ‘ಉಸುಕು!’, ‘ನಾಯಿ!’ ಅಂತ ಕೂಗುತ್ತಿರಬೇಕು, ಆ ಕೂಗು ಸಾಲಿನ ಕೊನೆಯವರೆಗೂ ಮುಟ್ಟಬೇಕು. ಕೊನೆಯವರು ‘ಹಿಂದ ಬಸ್!’ ಅಂದರೆ ಅದು ಮುಂದಕ್ಕೆ ಹೋಗಬೇಕು.

ಗಾಳಿಯ ಮಾತು ಬಂದಾಗ ನನಗೆ ಮಾಗಡಿ ಕೆರೆ ನೆನಪಾಗುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಹೋದವರು ಚಳಿಗಾಲದಲ್ಲಿ ಅಲ್ಲಿ ನಿಲ್ಲದೆ ಬರಬಾರದು. ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಈ ಕೆರೆಗೆ ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಹಗಲೆಲ್ಲ ನೀರಲ್ಲಿ ವಿಶ್ರಾಂತಿ, ಮೇಯಲು ಸುತ್ತಲಿನ ಹೊಲಗಳು. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇವು ಹಾರುವಾಗಲೂ ಸಾಲು ಕಟ್ಟುತ್ತವೆ. ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ನಮಗೆ ಸಿಗುವುದು ಗಾಳಿಯ ಮರೆ. ಅವಕ್ಕೆ ಮುಂದಿನ ಹಕ್ಕಿಯ ರೆಕ್ಕೆಯ ತುದಿಯಿಂದ ಮೇಲೇಳುವ ಗಾಳಿಯ ಆಸರೆ. ಅದಕ್ಕೇ ಅವು ನೇರ ಹಿಂದೆ ಬಾರದೆ ಪಕ್ಕಕ್ಕೆ ಸರಿದು ಹಾರುತ್ತವೆ. ಏರಿಯ ಮೇಲೆ ಸೈಕಲ್ ಮಲಗಿಸಿ ಇದನ್ನು ನೋಡುತ್ತಾ ಕೂತರೆ ಒಂದು ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಆ ಗಂಟೆ ದಾರಿಯ ಲೆಕ್ಕದಲ್ಲಿ ಮೊದಲೇ ಇರಬೇಕು ಅನ್ನೋದು ನನ್ನ ಹಟ.

ಗಾಳಿಯಷ್ಟೇ ಅಲ್ಲ, ಮುಳ್ಳಿದೆ. ರಸ್ತೆ ಅಂಚಿಗೆ ಬಳ್ಳಾರಿ ಜಾಲಿ, ಕಚ್ಚಾ ದಾರಿಯಲ್ಲಿ ನೆಗ್ಗಿನ ಮುಳ್ಳು. ಜಾಲಿ ಮುಳ್ಳು ಚುಚ್ಚಿದರೆ ಕಾಣುತ್ತದೆ. ನೆಗ್ಗಿನ ಮುಳ್ಳು ಹಾಗಲ್ಲ, ಅದರ ಕಾಯಿ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುತ್ತದೆ. ಪಂಕ್ಚರ್ ಆದರೆ ಟ್ಯೂಬ್ ಬದಲಿಸಿ ಹೊರಟುಬಿಡುವ ಅವಸರ ಬೇಡ. ಟೈರಿನ ಒಳಗೆ ಬೆರಳಾಡಿಸಿ ಸುತ್ತಲೂ ನಿಧಾನ ತಡವಬೇಕು. ಮುಳ್ಳು ಮುರಿದು ಮೊನೆ ರಬ್ಬರಿನೊಳಗೇ ಉಳಿದಿರುತ್ತದೆ. ಅದು ಕಣ್ಣಿಗೆ ಕಾಣಲ್ಲ, ಬೆರಳಿಗೆ ಕೆರೆಯುತ್ತದೆ. ಹೊರಗಿನಿಂದ ಒತ್ತಿ, ಒಳಗಿನಿಂದ ಉಗುರಲ್ಲಿ ಹಿಡಿದು ಎಳೆಯಬೇಕು. ಬಿಟ್ಟು ಹೊರಟರೆ ಹೊಸ ಟ್ಯೂಬೂ ಹೋಗುತ್ತದೆ. ಒಬ್ಬರೇ ಇದ್ದಾಗ ಬಿಸಿಲಲ್ಲಿ ಈ ತಾಳ್ಮೆ ಇರುವುದಿಲ್ಲ. ಗುಂಪಿನಲ್ಲಿ ಒಬ್ಬರು ಟೈರ್ ತಡವುತ್ತಿದ್ದರೆ ಇನ್ನೊಬ್ಬರು ಟ್ಯೂಬಿಗೆ ಎಮರಿ ಕಾಗದ ತಿಕ್ಕಿ ಸಲ್ಯೂಷನ್ ಹಚ್ಚುತ್ತಾರೆ, ಮತ್ತೊಬ್ಬರು ಚೈನಿಗೆ ಎಣ್ಣೆ ಬಿಡುತ್ತಾರೆ. ನಿಂತ ಹೊತ್ತು ಯಾರಿಗೂ ನಷ್ಟವಲ್ಲ.

ನೀರಿನ ವಿಚಾರವೂ ಹೀಗೇ. ಗದಗ ಜಿಲ್ಲೆಯ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಸಿಕ್ಕ ನಲ್ಲಿಗೆ ಬಾಟಲಿ ಹಿಡಿಯುವಂತಿಲ್ಲ. ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಒಂದೇ ಸಲಕ್ಕೆ ಕ್ಯಾನ್ ತುಂಬುವಷ್ಟು ನೀರು ಸುರಿಯುತ್ತದೆ. ಒಬ್ಬರ ಎರಡು ಬಾಟಲಿ ಹಿಡಿಸುವುದು ಎಷ್ಟು? ಉಳಿದದ್ದು ಚರಂಡಿಗೆ. ಬರ ಕಂಡ ಊರಲ್ಲಿ ಅದನ್ನು ನೋಡಿಕೊಂಡು ನಿಲ್ಲೋಕೆ ನನ್ನಿಂದ ಆಗಲ್ಲ. ಗುಂಪಿದ್ದರೆ ಬಾಟಲಿಗಳನ್ನೆಲ್ಲ ಬಿಚ್ಚಿ ಸಾಲಾಗಿ ಹಿಡಿದರೆ ಒಂದು ನಾಣ್ಯಕ್ಕೆ ಎಲ್ಲರದೂ ತುಂಬುತ್ತದೆ. ಮಿಕ್ಕಿದ್ದು ಅಲ್ಲೇ ಕೊಡ ಹಿಡಿದು ನಿಂತವರಿಗೆ. ‘ಎಲ್ಲಿಂದ ಬಂದೀರಿ ತಮ್ಮಾ, ಬಿಸಿಲಾಗ?’ ಅಂತ ಮಾತು ಶುರುವಾಗುವುದು ಅಲ್ಲೇ. ಹುಬ್ಬಳ್ಳಿಯಿಂದ್ರೀ ಅಜ್ಜಾರ ಅಂದರೆ, ಮುಂದಿನ ದಾರಿ ಹೇಗಿದೆ, ಯಾವ ಹಳ್ಳದಲ್ಲಿ ನೀರಿದೆ, ಯಾವ ಓಣಿಯಲ್ಲಿ ನಾಯಿ ಬೆನ್ನು ಹತ್ತುತ್ತವೆ, ಎಲ್ಲ ಹೇಳುತ್ತಾರೆ. ಫೋನಿನ ನಕಾಶೆಗಿಂತ ಆ ಮಾತು ಗಟ್ಟಿ.

ಹಳ್ಳದ ಮಾತು ಹೇಳಿದೆನಲ್ಲ, ಮಳೆ ಬಿದ್ದ ಎರೆ ದಾರಿಗೆ ಮಾತ್ರ ಗುಂಪೂ ಇಲ್ಲ, ಉಪಾಯವೂ ಇಲ್ಲ. ಎರೆ ಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಹತ್ತು ಹೆಜ್ಜೆಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ತಳ್ಳೋಕೂ ಆಗಲ್ಲ, ಹೊರಬೇಕು. ಮೋಡ ಕಂಡರೆ ಡಾಂಬರು ಬಿಡಬೇಡಿ.

ಇನ್ನು ಸುಗ್ಗಿಯ ರಸ್ತೆ. ಹುರುಳಿ, ತೊಗರಿ, ಸಜ್ಜೆ ಕಿತ್ತ ಕಾಲಕ್ಕೆ ರೈತರು ಡಾಂಬರು ರಸ್ತೆಯ ಮೇಲೆಯೇ ಹರಡಿ ವಾಹನಗಳಿಂದ ತುಳಿಸುತ್ತಾರೆ. ಸೈಕಲ್ ಅದರ ಮೇಲೆ ಹೋದರೆ ಜಾರುತ್ತದೆ. ಹುರುಳಿ ಬಳ್ಳಿ ಚೈನಿಗೆ, ಹಿಂದಿನ ಗೇರಿಗೆ ಸುತ್ತಿಕೊಂಡರೆ ಗೇರಿನ ಕೊಕ್ಕೆಯೇ ಮುರಿಯಬಹುದು. ನಾವು ಇಳಿದು ಅಂಚಿನಲ್ಲಿ ತಳ್ಳಿಕೊಂಡು ದಾಟುತ್ತೇವೆ. ವಾದ ಮಾಡುವುದಿಲ್ಲ. ಕಣ ಮಾಡಿ, ರೋಣಗಲ್ಲು ಹೊಡೆಯೋಕೆ ಎತ್ತು, ಆಳು ಎರಡೂ ಇಲ್ಲದ ಮನೆಗಳು ಈಗ ಎಷ್ಟಿವೆ ಅಂತ ನೋಡಿದವರಿಗೆ ವಾದ ಮಾಡುವ ಮನಸ್ಸು ಬರಲ್ಲ. ಪುಷ್ಯದ ಕಡೆಗೆ ಹೋದರೆ ಇದೇ ಜನ ಹೊಲಕ್ಕೆ ಕರೆದು ಸೀತನಿ ಸುಟ್ಟು ಕೊಡುತ್ತಾರೆ. ಬಿಸಿ ಬಿಸಿ ಎಳೆ ಜೋಳದ ಕಾಳಿಗೆ ಶೇಂಗಾ ಚಟ್ನಿ, ಬೆಲ್ಲ. ಯಾವ ಪ್ಯಾಕೆಟ್ ತಿಂಡಿಯೂ ಬೇಡ.

ಕಪ್ಪತಗುಡ್ಡದಲ್ಲಿ ಮಾತ್ರ ಗುಂಪಿನ ನಿಯಮ ಬದಲಾಗುತ್ತದೆ. ‘ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು’ ಅನ್ನುತ್ತಾರೆ ನಮ್ಮ ಕಡೆ. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ. ಜನ ವರ್ಷಗಟ್ಟಲೆ ಹೋರಾಡಿ ಗಣಿಗಾರಿಕೆಯಿಂದ ಉಳಿಸಿಕೊಂಡದ್ದು, 2019ರಲ್ಲಿ ವನ್ಯಜೀವಿ ಧಾಮವಾಯಿತು. ತೋಳ, ಕತ್ತೆಕಿರುಬ ಇರುವ ಜಾಗ. ಮನಸ್ಸಿಗೆ ಬಂದ ಕಾಲುದಾರಿಯಲ್ಲಿ ಸೈಕಲ್ ಇಳಿಸಬಾರದು. ಅರಣ್ಯ ಇಲಾಖೆಯವರನ್ನು ಕೇಳಿ, ಬಿಟ್ಟ ದಾರಿಯಲ್ಲಷ್ಟೇ ಹೋಗಬೇಕು. ಬೇಸಿಗೆಯಲ್ಲಿ ಅಲ್ಲಿ ಒಲೆ ಹೂಡುವ ಮಾತೇ ಬೇಡ, ಒಂದು ಕಿಡಿ ಸಾಕು ಬಾದೆ ಹುಲ್ಲಿಗೆ.

ಏರಿನಲ್ಲಿ ವೇಗ ಎಷ್ಟು ಕಡಿಮೆ ಅಂದರೆ ಗಾಳಿಯ ಮರೆಯಿಂದ ಹೆಚ್ಚು ಲಾಭವಿಲ್ಲ. ಅಲ್ಲಿ ಹೋರಾಟ ನಿಮ್ಮ ತೂಕದ ಜೊತೆ. ಇನ್ನೊಬ್ಬರ ವೇಗಕ್ಕೆ ಕಾಲು ಹೊಂದಿಸಲು ಹೋದರೆ ಇಬ್ಬರೂ ಸೋಲುತ್ತೀರಿ. ಆದ್ದರಿಂದ ಏರು ಶುರುವಾಗುವ ಕಡೆ ಸಾಲು ಬಿಡಿಸಿ, ಮೇಲೆ ಎಲ್ಲಿ ಸೇರುವುದು ಅಂತ ಹೇಳಿ, ಅವರವರ ಗೇರಿನಲ್ಲಿ ಅವರವರನ್ನು ಬಿಡುತ್ತೇವೆ. ಪಂಪು, ಪಾನಾ, ಔಷಧಿ ಚೀಲ ಇಟ್ಟುಕೊಂಡ ಒಬ್ಬರು ಎಲ್ಲರಿಗಿಂತ ಕೊನೆಗೆ. ಅವರು ಯಾರನ್ನೂ ದಾಟುವಂತಿಲ್ಲ. ಈ ಕೆಲಸವನ್ನು ಗುಂಪಿನ ಗಟ್ಟಿ ಸವಾರರಿಗೇ ಕೊಡಬೇಕು. ಮೇಲೆ ಮೊದಲು ಮುಟ್ಟಿದವರು ಕೊನೆಯವರು ಬಂದ ಕೂಡಲೇ ಹೊರಡಬಾರದು. ಸಾಮಾನ್ಯವಾಗಿ ಎಲ್ಲ ಗುಂಪಿನಲ್ಲೂ ಆಗುವುದು ಇದೇ: ಬೇಗ ಬಂದವರಿಗೆ ಅರ್ಧ ಗಂಟೆ ವಿಶ್ರಾಂತಿ, ತಡವಾಗಿ ಬಂದವರಿಗೆ ಒಂದು ನಿಮಿಷವೂ ಇಲ್ಲ. ಜಾಸ್ತಿ ಬೇಕಾದದ್ದು ಯಾರಿಗೆ? ಕೊನೆಯವರು ಕೂತು, ನೀರು ಕುಡಿದು, ಅಂಟಿನ ಉಂಡಿ ತಿಂದು, ‘ನಡೀರಿ’ ಅಂದ ಮೇಲೆ ಹೊರಡುವುದು ನಮ್ಮ ಪದ್ಧತಿ.

ಗುಂಪಿನಿಂದ ತೊಂದರೆಯೇ ಇಲ್ಲ ಅಂತ ಹೇಳುತ್ತಿಲ್ಲ. ಮಾತಿನ ಭರದಲ್ಲಿ ಮೂರು ಜನ ಅಕ್ಕಪಕ್ಕ ಆಗಿ ರಸ್ತೆ ಮುಚ್ಚುತ್ತಾರೆ. ತಮ್ಮ ಪಾಳಿ ಬಂದಾಗ ಜೋರು ತೋರಿಸೋಕೆ ವೇಗ ಏರಿಸುವವರು ಸಾಲನ್ನೇ ಹರಿಯುತ್ತಾರೆ. ಅಂಥವರಿಗೆ 200 ಕಿ.ಮೀ. ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಇದೆ, 13 ಗಂಟೆ 30 ನಿಮಿಷದ ಮಿತಿಯಲ್ಲಿ ಎಷ್ಟು ಬೇಕಾದರೂ ತುಳಿಯಲಿ, ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ ಪ್ರವಾಸದ ಗುಂಪಿನಲ್ಲಿ ಮುಂದೆ ಬಂದವರು ವೇಗ ಏರಿಸಬಾರದು. ಏರಿಸಬೇಕಾದದ್ದು ಪಾಳಿಯ ಉದ್ದ. ಕಾಲಲ್ಲಿ ಕಸುವಿದ್ದರೆ ಐದು ನಿಮಿಷದ ಬದಲು ಹದಿನೈದು ನಿಮಿಷ ಗಾಳಿಗೆ ಎದೆ ಕೊಡಿ.

ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗೋಡೆ ಸುತ್ತಿ, ಗದಗದಲ್ಲಿ ಬದನೆಕಾಯಿ ಬಜ್ಜಿ ತಿಂದು, ಹುಬ್ಬಳ್ಳಿ ಕಡೆ ಹ್ಯಾಂಡಲ್ ತಿರುಗಿಸುವ ಹೊತ್ತಿಗೆ ಎಲ್ಲರ ಕಾಲೂ ಸೋತಿರುತ್ತದೆ. ಗದಗದಿಂದ ಹುಬ್ಬಳ್ಳಿಗೆ 60 ಕಿ.ಮೀ. ಹತ್ತಿರ. ಮಳೆಗಾಲವಾದರೆ ಗಾಳಿ ಎದುರು, ಲಾರಿ ಪಕ್ಕಕ್ಕೆ. ಅಣ್ಣಿಗೇರಿವರೆಗೆ ಯಾರೂ ಜಾಸ್ತಿ ಮಾತಾಡೋದಿಲ್ಲ. ಇಲ್ಲಿ ಸಾಲು ಬಿಟ್ಟವರು ಕತ್ತಲಾದ ಮೇಲೆ ಮನೆ ಮುಟ್ಟುತ್ತಾರೆ.

ಇದನ್ನೆಲ್ಲ ಕೇಳಿದ ಮೇಲೆ ಕೆಲವರು ಇನ್ನೊಂದು ಮಾತು ಮೆತ್ತಗೆ ಕೇಳುತ್ತಾರೆ: ‘ನನ್ನ ವೇಗ ಕಡಿಮಿ ಐತ್ರೀ, ನಾ ಎಲ್ಲಾರ ಹಿಂದ ಬಂದ್ರ ನಡೀತೈತಿ?’ ಹಿಂದೆ ಬರಬೇಡಿ. ಸಾಲಿನ ಬಾಲದಲ್ಲಿ ಇರುವುದು ಸುಲಭವಲ್ಲ. ಮುಂದಿನವರು ಒಂದು ತಗ್ಗಿಗೆ ಬ್ರೇಕ್ ಹಿಡಿದು ಮತ್ತೆ ವೇಗ ಹಿಡಿದರೆ ಬಾಲದವರು ಓಡಿ ಹಿಡಿಯಬೇಕು, ಪ್ರತಿ ಸಲವೂ. ನಿಧಾನದವರ ಜಾಗ ಮುಂದಿನಿಂದ ಎರಡನೆಯದು, ಒಂದೇ ಹದದಲ್ಲಿ ತುಳಿಯುವವರ ಬೆನ್ನಿಗೆ. ನಿಮ್ಮ ಪಾಳಿ ಬಂದಾಗ ನೀವು ಮುಂದೆ ಹೋಗಬೇಕಾಗಿಲ್ಲ, ಹಿಂದಿನವರು ದಾಟಿ ಮುಂದೆ ಬರುತ್ತಾರೆ. ಮಡ್‌ಗಾರ್ಡ್ ಬಿಚ್ಚಿದ ಸೈಕಲ್, ಎರಡು ಟ್ಯೂಬ್, ಎರಡು ಬಾಟಲಿ ತನ್ನಿ. ಹೊರಡುವ ಮೊದಲೇ ‘ನಾನು ನಿಧಾನ’ ಅಂತ ಹೇಳಿಬಿಡಿ, ಸಾಲನ್ನು ನಿಮ್ಮಿಂದ ಶುರುಮಾಡಿ ಜೋಡಿಸುತ್ತೇವೆ.