ಕೊಂದ ಕೈಗೆ ರಾಖಿ

ಗುಡ್ ಫ್ರೈಡೇ ಅಂದರೆ ಒಂದು ಕೊಲೆಯನ್ನು ನೆನೆಯುವ ದಿನ. ವರ್ಷಾ ವರ್ಷಾ ಯೇಸುವಿನ ಕೊನೆಯ ನಡಿಗೆಯನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಧ್ಯಾನಿಸುವ ಶಿಲುಬೆ ಹಾದಿ ಮಾಡಿ ಮಾಡಿ ನಮಗೆ ಇದು ಮರೆತೇ ಹೋಗಿರುತ್ತದೆ. ಉಪವಾಸ, ಹಾಡು, ಶಿಲುಬೆಗೆ ಮುತ್ತಿಡಲು ನಿಂತ ಸಾಲು, ಎಲ್ಲವೂ ಅಭ್ಯಾಸವಾಗಿಬಿಟ್ಟಿದೆ. ಆದರೆ ಅಂದು ನಡೆದದ್ದೇನು? ತಪ್ಪೇ ಮಾಡದ ಒಬ್ಬನನ್ನು ಹಾಡಹಗಲೇ, ಎಲ್ಲರ ಕಣ್ಣೆದುರು, ಅಧಿಕಾರಿಯ ಅಪ್ಪಣೆಯ ಮೇಲೆ ಕೊಂದರು. ತೀರ್ಪು ಕೊಟ್ಟವನು ಕೈ ತೊಳೆದುಕೊಂಡ. ಸೈನಿಕರು ಚೀಟಿ ಹಾಕಿ ಬಟ್ಟೆ ಹಂಚಿಕೊಂಡರು. ಜನ ನಿಂತು ನೋಡಿದರು. ಲೋಕದಲ್ಲಿ ಇಷ್ಟೊಂದು ಕೊಲೆ, ಹೊಡೆದಾಟ ನಡೀತಿದೆ, ಇದಕ್ಕೆ ಕ್ರೈಸ್ತರು ಏನು ಹೇಳ್ತೀರಿ ಎಂದು ಯಾರಾದರೂ ಕೇಳಿದರೆ, ನಾವು ಮೊದಲು ಆ ಶಿಲುಬೆಯ ಬುಡಕ್ಕೇ ಹೋಗಿ ನಿಲ್ಲಬೇಕು.

‘ತಂದೆಯೇ, ಅವರಿಗೆ ಕ್ಷಮಿಸು’ ಎಂಬ ಮಾತು ಹುಟ್ಟಿದ್ದು ಅಲ್ಲಿ. ಈ ಮಾತನ್ನು ನಾವು ತುಂಬಾ ಸಲೀಸಾಗಿ ಬಳಸುತ್ತೇವೆ ಅನ್ನಿಸುತ್ತದೆ ನನಗೆ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಕೂತು, ‘ಕ್ಷಮಿಸಿಬಿಡಮ್ಮಾ, ಯೇಸುಸ್ವಾಮಿ ಕ್ಷಮಿಸಲಿಲ್ವಾ’ ಎನ್ನುವವರಿದ್ದಾರೆ. ಹಾಗೆ ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು? ಆ ಮಾತನ್ನಾಡಿದವನ ಕೈಯಲ್ಲಿ ಮೊಳೆ ಇತ್ತು. ಬೆತ್ಲೆಹೇಮಿನಲ್ಲಿ ಹೆರೋದ ಎಳೆ ಮಕ್ಕಳನ್ನು ಕೊಲ್ಲಿಸಿದಾಗ ಮತ್ತಾಯ ಏನು ಬರೆದ ನೋಡಿ. ಇಸ್ರಾಯೇಲರ ಮೂಲತಾಯಿ ರಾಹೇಲಳು ಮಕ್ಕಳಿಗಾಗಿ ಗೋಳಾಡುತ್ತಿದ್ದಾಳೆ, ಸಮಾಧಾನ ಬೇಡ ಎನ್ನುತ್ತಿದ್ದಾಳೆ ಎಂದು ಬರೆದ. ಅಷ್ಟೇ. ಅವಳನ್ನು ಸಮಾಧಾನ ಮಾಡಲು ಅವನು ಹೋಗಲಿಲ್ಲ. ಶುಭಸಂದೇಶದಲ್ಲೇ ಅವಳ ಅಳುವಿಗೆ ಅಷ್ಟು ಜಾಗ ಇರುವಾಗ, ಅವಸರ ಮಾಡಲು ನಾವ್ಯಾರು?

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲ ಬಂದಾಗಲೆಲ್ಲ ನನಗೆ ಸಿಸ್ಟರ್ ರಾಣಿ ಮರಿಯಾ ನೆನಪಾಗುತ್ತಾರೆ. ಕೇರಳದ ಪುಲ್ಲುವಳಿಯಲ್ಲಿ 1954ರಲ್ಲಿ ಹುಟ್ಟಿದವರು. ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಎಂಬ ಸನ್ಯಾಸಿನಿಯರ ಸಭೆ ಸೇರಿ ಉತ್ತರ ಭಾರತಕ್ಕೆ ಹೋದರು. ಕೊನೆಗೆ ಬಂದು ಸೇರಿದ್ದು ಮಧ್ಯಪ್ರದೇಶದ ಉದಯನಗರಕ್ಕೆ. ಅಲ್ಲಿನ ಆದಿವಾಸಿಗಳು ಬಡ್ಡಿ ಸಾಲದಲ್ಲಿ ಮುಳುಗಿದ್ದರು. ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆ ಎಂದು ಓದಲು ಬಾರದ ಜನ. ಸಿಸ್ಟರ್ ಅವರನ್ನು ಗುಂಪು ಕಟ್ಟಿಸಿ, ಉಳಿತಾಯ ಕಲಿಸಿ, ಸರ್ಕಾರದ ಸಾಲ ಸೌಲಭ್ಯ ಕೊಡಿಸತೊಡಗಿದರು. ಬಡ್ಡಿಯ ಮೇಲೆ ಬದುಕಿದ್ದವರಿಗೆ ಹೊಟ್ಟೆಗೆ ಬೆಂಕಿ ಬಿತ್ತು. ನಾವು ಹಿಂಸೆ ಅಂದರೆ ಚಾಕು, ಬಂದೂಕು ಮಾತ್ರ ಅಂದುಕೊಳ್ಳುತ್ತೇವೆ. ಅಲ್ಲಿ ಚಾಕು ಬರುವ ಎಷ್ಟೋ ವರ್ಷ ಮುಂಚೆಯೇ ಹಿಂಸೆ ಲೆಕ್ಕದ ಪುಸ್ತಕದಲ್ಲಿ ಕೂತಿತ್ತು. ಅದನ್ನು ಮುಟ್ಟಿದ್ದಕ್ಕೇ ಅವರ ಜೀವ ಹೋಯಿತು.

1995ರ ಫೆಬ್ರವರಿ 25, ಶನಿವಾರ. ಇನ್ನು ನಾಲ್ಕು ದಿನಕ್ಕೆ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ. ಸಿಸ್ಟರ್ ಇಂದೋರ್ ಬಸ್ಸು ಹತ್ತಿದರು. ಹಣ ಪಡೆದು ಬಂದಿದ್ದ ಯುವಕ ಸಮಂದರ್ ಸಿಂಗ್ ಅದೇ ಬಸ್ಸಿನಲ್ಲಿದ್ದ. ದಾರಿಯಲ್ಲಿ ಎದ್ದು ಚಾಕು ಹಾಕಿದ. ಕೆಳಗೆ ಎಳೆದು ಮತ್ತೆ ಮತ್ತೆ ಇರಿದ. ಮೈಮೇಲೆ 50ಕ್ಕೂ ಹೆಚ್ಚು ಗಾಯಗಳಾಗಿದ್ದವು. ಬಸ್ಸಿನಲ್ಲಿ ಜನ ಇದ್ದರು. ಯಾರೂ ತಡೆಯಲಿಲ್ಲ.

ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಚಾಕು ಕಂಡಾಗ ಕಾಲು ಮರಗಟ್ಟುತ್ತದೆ, ಯಾರಿಗಾದರೂ ಅಷ್ಟೇ. ಆದರೂ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ನಾಲ್ಕನೇ ಅಧ್ಯಾಯ ಓದುವಾಗ ಆ ಬಸ್ಸು ಕಣ್ಣ ಮುಂದೆ ಬರುತ್ತದೆ. ಭೂಮಿಯ ಮೇಲಿನ ಮೊದಲ ಕೊಲೆ, ಕಾಯಿನ ತನ್ನ ತಮ್ಮ ಹೇಬೆಲನನ್ನು ಕೊಂದದ್ದು. ‘ನಿನ್ನ ತಮ್ಮ ಎಲ್ಲಿ?’ ಎಂದು ದೇವರು ಕೇಳಿದರೆ ಕಾಯಿನ, ‘ನನ್ನ ತಮ್ಮನನ್ನು ಕಾಯುವವನು ನಾನೋ?’ ಅನ್ನುತ್ತಾನೆ. ಅವನು ಕೊಂದವನು, ಸರಿ. ಆದರೆ ಆ ಮಾತನ್ನು ಕೊಲ್ಲದವರು ಇನ್ನೂ ಜಾಸ್ತಿ ಆಡುತ್ತೇವೆ. ಪಕ್ಕದ ಮನೆಯಲ್ಲಿ ಹೆಂಡತಿಗೆ ಹೊಡೆಯುವ ಸದ್ದು ಗೋಡೆ ದಾಟಿ ಬಂದಾಗ ಟಿವಿ ಸೌಂಡು ಹೆಚ್ಚು ಮಾಡುವುದೂ ಅದೇ ಮಾತು ತಾನೆ?

ಅದೇ ಅಧ್ಯಾಯದಲ್ಲಿ ದೇವರು ಎರಡು ಕೆಲಸ ಮಾಡುತ್ತಾರೆ. ಮೊದಲನೆಯದು, ‘ನಿನ್ನ ತಮ್ಮನ ರಕ್ತ ನೆಲದಿಂದ ನನ್ನನ್ನು ಕೂಗುತ್ತಿದೆ’ ಎನ್ನುತ್ತಾರೆ. ಹೇಬೆಲ ಸತ್ತು ಮಣ್ಣಾದರೂ ಅವನ ಲೆಕ್ಕ ಮುಗಿಯಲಿಲ್ಲ. ಎರಡನೆಯದು, ಕಾಯಿನನನ್ನು ಯಾರೂ ಕೊಲ್ಲಬಾರದೆಂದು ಅವನ ಮೇಲೆ ಗುರುತು ಹಾಕುತ್ತಾರೆ. ಶಿಕ್ಷೆ ತಪ್ಪಿಸಲಿಲ್ಲ, ಅವನು ಊರೂರು ಅಲೆಯಬೇಕಾಯಿತು. ಆದರೆ ಅವನ ರಕ್ತವೂ ಬೀಳಬಾರದು. ನಮಗೆ ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಬಹಳ ಕಷ್ಟ. ಸತ್ತವರ ಪರ ನಿಂತವರು ಇನ್ನೊಂದು ಹೆಣ ಬೀಳಲಿ ಅನ್ನುತ್ತಾರೆ. ಕ್ಷಮೆ ಕ್ಷಮೆ ಅನ್ನುವವರು ಸತ್ತವರ ಹೆಸರನ್ನೇ ಮರೆಯುತ್ತಾರೆ.

ಇವೆರಡನ್ನೂ ಒಟ್ಟಿಗೆ ಹಿಡಿದ ಒಂದು ಮನೆ ಪುಲ್ಲುವಳಿಯಲ್ಲಿದೆ. ಸಮಂದರ್ ಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು. ಜೈಲಿನೊಳಗೆ ಅವನ ತಲೆಯಲ್ಲಿ ಇದ್ದದ್ದು ಸೇಡು. ತನ್ನನ್ನು ಛೂ ಬಿಟ್ಟು ಕೈಬಿಟ್ಟವರನ್ನು ಮುಗಿಸಬೇಕು ಅಂತ. ಸ್ವಾಮಿ ಸದಾನಂದ ಎಂಬ ಕಥೋಲಿಕ ಗುರು ಅವನನ್ನು ನೋಡಲು ಹೋದರು. ‘ಸೆರೆಯಲ್ಲಿದ್ದೆನು, ನನ್ನನ್ನು ನೋಡಲು ಬಂದಿರಿ’ ಎಂದು ಯೇಸು ಹೇಳಿದ್ದನ್ನು ಅವರು ಅಕ್ಷರಕ್ಕೆ ಅಕ್ಷರ ನಂಬಿದ್ದರು. ಆಮೇಲೆ 2002ರ ಆಗಸ್ಟಿನಲ್ಲಿ, ರಕ್ಷಾಬಂಧನದ ಹೊತ್ತಿಗೆ, ಇನ್ನೊಬ್ಬರು ಜೈಲಿಗೆ ಬಂದರು. ರಾಣಿ ಮರಿಯಾ ಅವರ ಒಡಹುಟ್ಟಿದ ತಂಗಿ, ಅದೇ ಸಭೆಯ ಸಿಸ್ಟರ್ ಸೆಲ್ಮಿ ಪೌಲ್. ಅಕ್ಕನನ್ನು ಇರಿದ ಆ ಕೈಗೇ ರಾಖಿ ಕಟ್ಟಿದರು. ಅಣ್ಣಾ ಎಂದರು.

ಕೊಲೆಯಾಗಿ ಆಗಲೇ ಏಳು ವರ್ಷ ಕಳೆದಿತ್ತು. ಆ ಏಳು ವರ್ಷ ನನಗೆ ಬಹಳ ಮುಖ್ಯ. ಕ್ಷಮೆ ಒಂದೇ ರಾತ್ರಿಯಲ್ಲಿ ಬರಬೇಕೆಂದು ಯಾರೂ ಯಾರನ್ನೂ ಒತ್ತಾಯಿಸಬಾರದು. ಆ ಮನೆಯ ತಾಯಿ ಎಲಿಶ್ವಾ ಅವರಿಗೂ ಒಂದು ಆಸೆ ಇತ್ತು. ಆ ಕೈಗಳಿಗೆ ತಾನು ಮುತ್ತಿಡಬೇಕು, ಯಾಕೆಂದರೆ ಮಗಳ ರಕ್ತ ತಾಗಿದ್ದು ಆ ಕೈಗಳಿಗೆ ಎಂದಿದ್ದರು. ರಕ್ತವನ್ನು ಒರೆಸಿ ಹಾಕಿ ಕ್ಷಮಿಸಿದ್ದಲ್ಲ. ರಕ್ತ ಕಾಣುತ್ತಿರುವಾಗಲೇ ಕ್ಷಮಿಸಿದ್ದು. 2006ರಲ್ಲಿ ಸಮಂದರ್ ಬಿಡುಗಡೆಯಾಗಲು ಈ ಕುಟುಂಬದ ಮನವಿಯೂ ಕಾರಣ. ಮುಂದಿನ ವರ್ಷ ಅವನು ಪುಲ್ಲುವಳಿಗೆ ಹೋಗಿ ಆ ತಂದೆ ತಾಯಿಯ ಮುಂದೆ ನಿಂತ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಧರ್ಮಸಭೆ ರಾಣಿ ಮರಿಯಾ ಅವರನ್ನು ಸಂತ ಪದವಿಗೆ ಮುಂಚಿನ ಮೆಟ್ಟಿಲಾದ ಧನ್ಯರ ಸಾಲಿಗೆ ಸೇರಿಸಿದಾಗ ಅವನೂ ಜನರ ಮಧ್ಯೆ ಇದ್ದ.

ಕ್ಷಮಿಸಿದರೆ ಕಾನೂನು ಬೇಡವಾ ಎಂದು ಕೇಳುವವರಿದ್ದಾರೆ. ಅವನು ಹನ್ನೊಂದು ವರ್ಷ ಜೈಲಿನಲ್ಲಿದ್ದ, ಅದನ್ನು ಮರೆಯಬಾರದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನೂ ಪುಟ್ಟ ಗಂಡುಮಕ್ಕಳಿಬ್ಬರನ್ನೂ ಜೀಪಿನಲ್ಲಿ ಮಲಗಿದ್ದಾಗಲೇ ಸುಟ್ಟರು. ಹೆಂಡತಿ ಗ್ಲ್ಯಾಡಿಸ್ ಕ್ಷಮಿಸಿದೆ ಎಂದರು. ಕೋರ್ಟು ತನ್ನ ಕೆಲಸ ಮಾಡಿತು, ಅವರು ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಆರೈಕೆ ಮುಂದುವರಿಸಿದರು. ಎರಡಕ್ಕೂ ಜಗಳವೇ ಇರಲಿಲ್ಲ.

ಈ ಶುಕ್ರವಾರ ಶಿಲುಬೆ ಹಾದಿಯ ಹನ್ನೊಂದನೇ ಸ್ಥಳದಲ್ಲಿ, ಮೊಳೆ ಹೊಡೆಯುವ ಸ್ಥಳದಲ್ಲಿ ಮೊಣಕಾಲೂರಿದಾಗ ನಾನು ಹೇಳಬೇಕೆಂದಿರುವ ಪ್ರಾರ್ಥನೆ ಇದು. ನೀವೂ ಜೊತೆಗೂಡಿ.

ಸ್ವಾಮಿ, ಹೇಬೆಲನ ರಕ್ತದ ಕೂಗು ನಮ್ಮ ಕಿವಿಗೂ ಬೀಳಲಿ. ಬಸ್ಸಿನಲ್ಲಿ ಕೂತಿರುವ ನಮಗೆ ಎದ್ದು ನಿಲ್ಲುವ ಶಕ್ತಿ ಕೊಡು. ಮಕ್ಕಳನ್ನು ಕಳೆದುಕೊಂಡವರ ಮನೆಗೆ ಉಪದೇಶ ಹೊತ್ತು ಹೋಗದಂತೆ ನಮ್ಮ ನಾಲಿಗೆ ಕಾಯಿ. ಅವರ ಜೊತೆ ಕೂತು ಅಳುವುದನ್ನು ಕಲಿಸು. ಸಾಲದ ಕಾಗದದಲ್ಲಿ, ಕೂಲಿಯ ಲೆಕ್ಕದಲ್ಲಿ ನಾವು ಯಾರನ್ನಾದರೂ ಹಿಂಡುತ್ತಿದ್ದರೆ ಇವತ್ತೇ ತೋರಿಸು. ಕೊಂದವನು ಒಂಟಿಯಾಗಿ ಜೈಲಿನಲ್ಲಿದ್ದಾನೆ. ಅವನ ಹತ್ತಿರ ಯಾರನ್ನಾದರೂ ಕಳಿಸು. ಹೋಗುವವರು ಯಾರೂ ಇಲ್ಲದಿದ್ದರೆ ನಮ್ಮನ್ನೇ ಕಳಿಸು. ಆಮೆನ್.