ರಾತ್ರಿ ಹೊತ್ತು ಭಯ ಆಗಲ್ವಾ?

"ಬೀದಿ ದೀಪದ ಫೋಟೋ ತೆಗೀತೀರಂತೆ. ರಾತ್ರಿ ಹೊತ್ತು ಒಬ್ಬರೇ ಓಡಾಡಕ್ಕೆ ಭಯ ಆಗಲ್ವಾ?" ಮದುವೆ ಮನೆಯಲ್ಲಿ, ಹಾಲಿನ ಬೂತ್ ಹತ್ತಿರ, ಎಲ್ಲ ಕಡೆ ಇದೇ ಪ್ರಶ್ನೆ. ಕೇಳುವವರ ಮನಸ್ಸಲ್ಲಿ ಇರುವುದು ಕಳ್ಳರು, ಕುಡುಕರು. ನನಗೆ ಪೆಟ್ಟಾಗಿದ್ದು ಅವರಿಂದಲ್ಲ.

ಮೂರು ವರ್ಷದ ಹಿಂದೆ ಮೈಸೂರಿನ ಸರಸ್ವತಿಪುರಂನಲ್ಲಿ, ಹಳದಿ ಬೆಳಕಿನ ಒಂದು ಹಳೇ ಸೋಡಿಯಂ ದೀಪ ಹತ್ತಿ ಹತ್ತಿ ಆರುತ್ತಿತ್ತು. ಸೋಡಿಯಂ ದೀಪಕ್ಕೆ ವಯಸ್ಸಾದರೆ ಹೀಗೇ. ಬಿಸಿಯಾಗುತ್ತಾ ಅದಕ್ಕೆ ಬೇಕಾದ ವೋಲ್ಟೇಜ್ ಏರುತ್ತದೆ, ಸಿಗುವುದು ಸಾಲದೆ ಆರುತ್ತದೆ. ತಣ್ಣಗಾದ ಮೇಲೆ ಮತ್ತೆ ಹತ್ತುತ್ತದೆ. ಅದನ್ನೇ ನೋಡುತ್ತಾ ಎರಡು ಹೆಜ್ಜೆ ಹಿಂದೆ ಸರಿದೆ. ಚರಂಡಿಯ ಮೇಲೆ ಒಂದು ಚಪ್ಪಡಿ ಇರಲಿಲ್ಲ. ಮೊಣಕಾಲಿನವರೆಗೂ ಒಳಗೆ ಹೋದೆ. ಮೂರು ವಾರ ಕುಂಟಿದೆ.

ಈ ಹವ್ಯಾಸದಲ್ಲಿ ಕತ್ತು ಸದಾ ಮೇಲಿರುತ್ತದೆ, ಕಾಲು ಎಲ್ಲಿದೆ ಅನ್ನುವುದು ಮರೆತುಹೋಗುತ್ತದೆ. ನಾನು ಹೆದರುವುದು ಇದಕ್ಕೆ. ಈಗ ಹಗಲಲ್ಲೇ ಹೋಗಿ ಎಲ್ಲಿ ನಿಲ್ಲಬೇಕು ಅಂತ ನೋಡಿ ಬರುತ್ತೇನೆ. ನಡೆಯುವಾಗ ದೀಪ ನೋಡುವುದಿಲ್ಲ, ನಿಂತ ಮೇಲೇ ನೋಡುವುದು. ಟ್ರೈಪಾಡಿನ ಒಂದು ಕಾಲೂ ಟಾರ್ ರಸ್ತೆಗೆ ಇಳಿಯಬಾರದು. ಎಲ್‌ಇಡಿಯನ್ನು ನೇರವಾಗಿ ದಿಟ್ಟಿಸಿ ನೋಡಿದ ಮೇಲೆ ಸ್ವಲ್ಪ ಹೊತ್ತು ನೆಲ ಕಾಣುವುದೇ ಇಲ್ಲ, ಅಲ್ವಾ? ಕಣ್ಣು ಸರಿಹೋಗುವ ತನಕ ಹೆಜ್ಜೆ ಎತ್ತಬೇಡಿ.

ಇನ್ನೊಂದು ಮಾತು. ನಡುರಾತ್ರಿ ಹೋಗುವ ಅಗತ್ಯವೇ ಇಲ್ಲ. ಒಳ್ಳೆಯ ಫೋಟೋ ಸಿಗುವುದು ಮುಸ್ಸಂಜೆಯಲ್ಲಿ. ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುತ್ತದೆ. ಕಂಬ, ತೋಳು, ದೀಪದ ಗೂಡು ಎಲ್ಲ ಕಾಣುತ್ತವೆ. ಕತ್ತಲಾದ ಮೇಲೆ ತೆಗೆದರೆ ಬರೀ ಬೆಳಕಿನ ಚುಕ್ಕೆ. ಸೋಡಿಯಂ ದೀಪ ಏಳುವುದನ್ನಂತೂ ಒಮ್ಮೆಯಾದರೂ ನೋಡಿ. ಮೊದಲು ಮಂಕಾದ, ಗುಲಾಬಿ ಛಾಯೆಯ ಬೆಳಕು. ಆಮೇಲೆ ನಿಧಾನಕ್ಕೆ ಹಳದಿ ತುಂಬಿಕೊಳ್ಳುತ್ತದೆ. ಪೂರ್ತಿ ಬೆಳಗಲು ಕೆಲವು ನಿಮಿಷ ಬೇಕು. ಆ ಹೊತ್ತಿಗೆ ಬೀದಿಯಲ್ಲಿ ಜನ ಇರುತ್ತಾರೆ, ಅಂಗಡಿ ತೆರೆದಿರುತ್ತವೆ, ನೆಲವೂ ಕಾಣುತ್ತದೆ.

ಕರೆಂಟ್ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಕಂಬಕ್ಕೆ ಒರಗುವುದಿಲ್ಲ, ಕಂಬವನ್ನು ನೆಲಕ್ಕೆ ಬಿಗಿದಿರುವ ಸ್ಟೇ ವೈರ್ ಹಿಡಿಯುವುದಿಲ್ಲ, ಟ್ರೈಪಾಡ್ ತಾಗಿಸುವುದಿಲ್ಲ. ಮಳೆ ಬಂದರೆ ಮನೆಗೆ ವಾಪಸ್. ದೀಪಕ್ಕೆ ಬರುವುದು 230 ವೋಲ್ಟ್. ಒದ್ದೆ ಕಂಬದಲ್ಲಿ ಅದು ಸೋರುತ್ತಿದ್ದರೆ ನೋಡಿ ತಿಳಿಯುವುದಿಲ್ಲ. ಕಂಬದ ಕರೆಂಟ್ ಬಾಕ್ಸಿನ ಬಾಗಿಲು ತೆರೆದಿದ್ದರೆ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ತಂತಿ ಬಿದ್ದಿದ್ದರೆ ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಅದರ ಸುತ್ತಲಿನ ನೆಲದಲ್ಲೂ ಕರೆಂಟ್ ಹರಿಯುತ್ತಿರಬಹುದು. ಗೊತ್ತಿಲ್ಲದೆ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ. ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಚೂರು ಚೂರೇ ಜಾರಿಸುತ್ತಾ ಆಚೆ ಬನ್ನಿ. ದಸರಾದಲ್ಲಿ ಮರಕ್ಕೆ ಸುತ್ತಿದ ಸೀರಿಯಲ್ ಸೆಟ್‌ಗಳನ್ನು ಕಣ್ಣಲ್ಲಷ್ಟೇ ನೋಡಿ. ಆ ಜನಸಂದಣಿಯಲ್ಲಿ ಟ್ರೈಪಾಡ್ ಬೇಡವೇ ಬೇಡ.

ಜನರ ಬಗ್ಗೆ ಕೇಳಿದರೆ, ನಾವೇ ಮೊದಲು ಮಾತಾಡಿಸಬೇಕು. ಕಂಬದ ಹಿಂದೆ ಯಾರದೋ ಕಿಟಕಿ ಇರುತ್ತದೆ, ಅವರಿಗೆ ಅನುಮಾನ ಬರುವುದು ಸಹಜ. ಒಮ್ಮೆ ನಜರ್‌ಬಾದಿನಲ್ಲಿ ಒಬ್ಬ ಅಜ್ಜಿ ಗೇಟಿನ ಹತ್ತಿರ ಬಂದು ನಿಂತರು. "ಅಜ್ಜಿ, ಈ ದೀಪದ ಫೋಟೋ ತೆಗೀತಿದೀನಿ, ನೋಡಿ" ಅಂತ ಕ್ಯಾಮೆರಾ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇಲ್ಲಿ ಮೊದಲು ಟ್ಯೂಬ್‌ಲೈಟ್ ಇತ್ತು ಕಣಪ್ಪ. ಅದರ ಕೆಳಗೇ ನನ್ನ ಮಗ ಓದ್ಕೊಂಡಿದ್ದು" ಅಂದರು. ಕಿಟಕಿ ಪರದೆ ಎಳೆದು ಬಂದು, ನಾನು ಮುಗಿಸುವ ತನಕ ಅಲ್ಲೇ ನಿಂತಿದ್ದರು.

ಸರಸ್ವತಿಪುರಂನ ಆ ಕಂಬದಲ್ಲಿ ಈಗ ಎಲ್‌ಇಡಿ ಇದೆ. ಕಾಲು ವಾಸಿಯಾದ ಮೇಲೆ, ಬದಲಾಗುವ ಮುಂಚೆ, ಒಂದು ಸಂಜೆ ಎದುರಿನ ಫುಟ್‌ಪಾತಲ್ಲಿ ನಿಂತು ಹಳೇ ದೀಪದ ಫೋಟೋ ತೆಗೆದೆ. ಗುಲಾಬಿಯಿಂದ ಹಳದಿಗೆ ತಿರುಗುತ್ತಿದ್ದ ಹೊತ್ತು ಅದು.